ಯಂತ್ರ ಎದ್ದೇಳಲಿ, ತಡೀರಿ

‘ಸಸ್ಪೆಂಡ್’ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಸರ್ಕಾರಿ ನೌಕರರ ಎದೆ ಝಲ್ಲೆನ್ನುತ್ತದೆ. ಅತ್ತ ಕೆಲಸವೂ ಇಲ್ಲ, ಇತ್ತ ಮನೆಗೂ ಕಳಿಸಿಲ್ಲ. ಅರ್ಧ ಸಂಬಳದ ತ್ರಿಶಂಕು ಸ್ವರ್ಗ ಅದು. ಆದರೆ ಅನುಭವಸ್ಥರನ್ನು ಕೇಳಿ ನೋಡಿ. ಸಸ್ಪೆಂಡ್ ಆಗುವುದಕ್ಕಿಂತ ಹೆಚ್ಚಿನ ಫಜೀತಿ ಎಂದರೆ ಮತ್ತೆ ಕೆಲಸಕ್ಕೆ ಹಾಜರಾಗುವ ದಿನ. ಆರು ತಿಂಗಳ ನಂತರ ಕಚೇರಿಯ ಮೆಟ್ಟಿಲು ಹತ್ತಿದರೆ ಕುರ್ಚಿಯಲ್ಲಿ ಬೇರೊಬ್ಬರು ಕುಳಿತಿರುತ್ತಾರೆ. ಬೀರುವಿನ ಬೀಗ ಬದಲಾಗಿರುತ್ತದೆ. ಅರ್ಧಕ್ಕೆ ಬಿಟ್ಟ ಫೈಲು ಯಾರದೋ ಮೇಜು ಸೇರಿರುತ್ತದೆ. ಜಾಣನಾದವನು ಬಾಗಿಲಲ್ಲೇ ನಿಂತು, ‘ನನ್ನ ಜಾಗ ಈಗ ಎಲ್ಲಿ ಸ್ವಾಮಿ?’ ಎಂದು ವಿಚಾರಿಸುತ್ತಾನೆ. ವಿಚಾರಿಸದವನು ನೆಟ್ಟಗೆ ಹೋಗಿ ಹಳೆಯ ಕುರ್ಚಿಯಲ್ಲಿ, ಅಂದರೆ ಅದರಲ್ಲಿ ಕುಳಿತವರ ತೊಡೆಯ ಮೇಲೆ, ಕುಳಿತುಬಿಡುತ್ತಾನೆ.

ಕಂಪ್ಯೂಟರುಗಳ ಲೋಕದಲ್ಲೂ ಸಸ್ಪೆಂಡ್ ಎಂಬುದೊಂದು ಇದೆ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಾಗ ಅದು ಸಾಯುವುದಿಲ್ಲ, ನಿದ್ದೆ ಹೋಗುತ್ತದೆ. ಅದರ ಪಕ್ಕೆಯಲ್ಲಿ ಯುಎಸ್‌ಬಿ ತಂತಿ ಹಿಡಿದು ನೇತುಬಿದ್ದಿರುವ ಮೌಸು, ಪೆನ್‌ಡ್ರೈವು, ಪ್ರಿಂಟರುಗಳೂ ಜತೆಗೇ ನಿದ್ದೆ ಹೋಗುತ್ತವೆ. ಮುಚ್ಚಳ ತೆರೆದಾಗ ಎಲ್ಲರೂ ಮತ್ತೆ ಕೆಲಸಕ್ಕೆ ಹಾಜರಾಗಬೇಕು. ಈ ಹಾಜರಾತಿಯಲ್ಲಿ ತಪ್ಪಾದರೆ ಏನಾಗುತ್ತದೆ? ಹೆಚ್ಚಿನ ಸಲ ಏನೂ ಆಗುವುದಿಲ್ಲ. ಮೌಸನ್ನು ಕಿತ್ತು ಮತ್ತೆ ಸಿಕ್ಕಿಸಿದರೆ ಸರಿಹೋಗುತ್ತದೆ. ಆದರೆ ಹಾಸನ ಜಿಲ್ಲೆಯ ಒಂದು ಊರಿನ ಹಾಲಿನ ಡೈರಿಯಲ್ಲಿ ಇದೇ ತಪ್ಪು ಒಬ್ಬ ಅಜ್ಜಿಯ ಮರ್ಯಾದೆಗೇ ಸಂಚಕಾರ ತಂದಿತ್ತು.

ಅಜ್ಜಿಗೆ ಇದ್ದದ್ದು ಒಂದೇ ಒಂದು ನಾಟಿ ಹಸು. ಹೊತ್ತಿಗೆ ಎರಡು ಲೀಟರ್ ಹಾಲು. ಸೀಮೆ ಹಸುಗಳ ಹತ್ತು ಹನ್ನೆರಡು ಲೀಟರಿನ ಮುಂದೆ ಅದು ಯಾವ ಲೆಕ್ಕ? ಆದರೆ ಗಟ್ಟಿತನದಲ್ಲಿ ಆ ಹಾಲನ್ನು ಮೀರಿಸುವವರು ಊರಲ್ಲಿ ಕಡಿಮೆ. ಹಸುವಿನ ಹಾಲಿನಲ್ಲಿ ಶೇಕಡ 3.5 ಜಿಡ್ಡು, ಜಿಡ್ಡಲ್ಲದ ಘನಾಂಶ ಶೇಕಡ 8.5 ಇದ್ದರೆ ಡೈರಿಯವರಿಗೆ ತೃಪ್ತಿ. ಅಜ್ಜಿಯ ಹಾಲಿನಲ್ಲಿ ಜಿಡ್ಡು 4.5ರ ಆಸುಪಾಸು, ಘನಾಂಶ 8.7. ಗಂಡ ತೀರಿಕೊಂಡ ಮೇಲೆ ಉಪ್ಪು, ಎಣ್ಣೆ, ಮಾತ್ರೆ ಎಲ್ಲವೂ ಆ ಎರಡು ಲೀಟರಿನಲ್ಲೇ ನಡೆಯಬೇಕು. ಬಟವಾಡೆ ದಿನ ಡೈರಿಯವರು ಕೊಡುವ ಪಟ್ಟಿಯನ್ನು ಆಕೆ ಓದಲಾರರು. ಆದರೆ ‘ಫ್ಯಾಟು’ ಬರೆದ ಕಡೆ ಬೆರಳಿಟ್ಟು, ‘ಇದೆಷ್ಟೈತೆ ಓದು ಮಗ’ ಎಂದು ಯಾರನ್ನಾದರೂ ಕೇಳಿ ತಿಳಿಯದೆ ಮನೆಗೆ ಹೋಗುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಆ ಫ್ಯಾಟು ಇದ್ದಕ್ಕಿದ್ದಂತೆ 3.2ಕ್ಕೆ ಇಳಿಯಿತು. ಘನಾಂಶ 8.0. ಮಾರನೆಯ ದಿನ ಮತ್ತೆ ಮೊದಲಿನಂತೆ 4.5. ನಾಲ್ಕು ದಿನ ಕಳೆದು ಪುನಃ 3.3. ಎರಡೂ ಅಂಕಿ ಒಟ್ಟಿಗೇ ಇಳಿದರೆ ಡೈರಿಯ ಭಾಷೆಯಲ್ಲಿ ಅದಕ್ಕೆ ಒಂದೇ ಅರ್ಥ: ನೀರು. ಕಾರ್ಯದರ್ಶಿಗಳು ಒಳ್ಳೆಯ ಮನುಷ್ಯರು. ಎಲ್ಲರೆದುರು ಗದರದೆ, ಹಾಲು ಹಾಕುವವರ ಸಾಲು ಕರಗಿದ ಮೇಲೆ ಮೆಲ್ಲಗೆ ಹೇಳಿದರು: ‘ಇನ್ಮೇಲಾದ್ರೂ ನೋಡ್ಕೊಂಡು ಹಾಕು ದೊಡ್ಡವ್ವ.’

ಅಜ್ಜಿ ಮೆಲ್ಲಗೆ ಉತ್ತರಿಸಲಿಲ್ಲ. ‘ನಾನೇನು ನೀರು ಹಾಕಿದ್ನಾ? ನಾಳೆ ನೀನೇ ಕೊಟ್ಟಿಗೆಗೆ ಬಂದು ಕರ್ಕೊಳಪ್ಪ’ ಎಂದು ಬೀದಿಗೆ ಕೇಳುವಂತೆ ಕೂಗಿದರು. ಕೂಗಿದ್ದರಿಂದ ಆದದ್ದು ಇಷ್ಟೇ. ಅದುವರೆಗೆ ಇಬ್ಬರಿಗೆ ಗೊತ್ತಿದ್ದ ಸಂಗತಿ ಊರಿಗೆಲ್ಲ ಗೊತ್ತಾಯಿತು. ಮೂರನೆಯ ಸಲ 3.2 ಬಂದಾಗ ಕಾರ್ಯದರ್ಶಿಗಳಿಗೂ ದಾರಿ ಉಳಿಯಲಿಲ್ಲ. ಅಜ್ಜಿಯ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಒಂದು ಗುರುತು ಹಾಕಿದರು. ಇನ್ನೊಮ್ಮೆ ಹೀಗಾದರೆ ಹಾಲು ವಾಪಸ್ಸು ಎಂದು ಅದರ ಅರ್ಥ. ಯಂತ್ರ ಸುಳ್ಳು ಹೇಳೀತೆ? ಮನುಷ್ಯರಿಗಾದರೆ ದಾಕ್ಷಿಣ್ಯ, ದ್ವೇಷ ಇರುತ್ತವೆ. ಯಂತ್ರಕ್ಕೆ ಎರಡೂ ಇಲ್ಲ.

ಯುಗಾದಿಗೆ ಕಾರ್ಯದರ್ಶಿಗಳ ಮಗಳು ಬೆಂಗಳೂರಿನಿಂದ ಬಂದಳು. ಅವಳಿಗೆ ಅಲ್ಲಿನ ಒಂದು ಕಂಪೆನಿಯಲ್ಲಿ ‘ಡ್ರೈವರ್’ ಬರೆಯುವ ಕೆಲಸ. ಮೊದಮೊದಲು ಊರಿನವರು, ‘ಬಸ್ಸೋ, ಲಾರಿಯೋ?’ ಎಂದು ಕೇಳಿ ಅಪ್ಪನನ್ನು ಗೋಳು ಹೊಯ್ದುಕೊಂಡದ್ದುಂಟು. ಅಸಲಿಗೆ ಕಂಪ್ಯೂಟರಿನ ಡ್ರೈವರ್ ಎಂದರೆ ಒಂದು ಬಗೆಯ ದುಭಾಷಿ. ಹೊರಗಿನಿಂದ ಸಿಕ್ಕಿಸಿದ ಸಾಧನದ ಭಾಷೆ ಕಂಪ್ಯೂಟರಿಗೆ ತಿಳಿಯದು, ಕಂಪ್ಯೂಟರಿನ ಭಾಷೆ ಸಾಧನಕ್ಕೆ ತಿಳಿಯದು. ನಡುವೆ ನಿಂತು ಇಬ್ಬರಿಗೂ ಅರ್ಥ ಮಾಡಿಸುವ ತಂತ್ರಾಂಶವೇ ಡ್ರೈವರ್.

ಹಬ್ಬದ ಮಾರನೆಯ ಬೆಳಿಗ್ಗೆ ಅಜ್ಜಿ ಮನೆ ಬಾಗಿಲಿಗೇ ಬಂದು ಕುಳಿತರು. ‘ನೀನು ಓದ್ದೋಳು. ನಿಮ್ಮಪ್ಪಂಗೆ ಹೇಳವ್ವ. ಅರವತ್ತು ವರ್ಷದಿಂದ ಹಾಲು ಕರೀತಿದೀನಿ, ಒಂದು ದಿನ ನೀರು ಮುಟ್ಸಿಲ್ಲ’ ಎಂದರು. ಹುಡುಗಿ ಅಪ್ಪನಿಗೆ ಏನೂ ಹೇಳಲಿಲ್ಲ. ಡೈರಿಯ ಬೀರುವಿನಲ್ಲಿ ಧೂಳು ಹಿಡಿದಿದ್ದ ಹಳೆಯ ಗಾಜಿನ ಸಾಮಾನುಗಳನ್ನು ತೆಗೆಸಿದಳು. ಯಂತ್ರ ಬರುವುದಕ್ಕೆ ಮುಂಚೆ ಜಿಡ್ಡನ್ನು ಅಳೆಯುತ್ತಿದ್ದ ಗರ್ಬರ್ ಪದ್ಧತಿಯ ಕೊಳವೆಗಳು ಅವು. 10 ಮಿಲಿಲೀಟರ್ ಗಂಧಕಾಮ್ಲ, ಅದರ ಮೇಲೆ ಹುಷಾರಾಗಿ 10.75 ಮಿಲಿಲೀಟರ್ ಹಾಲು, ಕೊನೆಗೆ 1 ಮಿಲಿಲೀಟರ್ ಅಮೈಲ್ ಆಲ್ಕೊಹಾಲ್. ಆಮ್ಲವು ಹಾಲಿನ ಉಳಿದ ಘನಾಂಶವನ್ನೆಲ್ಲ ಕರಗಿಸಿ ಜಿಡ್ಡನ್ನು ಮಾತ್ರ ಬಿಡುತ್ತದೆ. ಕೊಳವೆಯನ್ನು ಯಂತ್ರದಲ್ಲಿಟ್ಟು ಗರಗರ ತಿರುಗಿಸಿದರೆ ಜಿಡ್ಡು ಬಂಗಾರದ ಬಣ್ಣದ ಕಂಬವಾಗಿ ಮೇಲೆ ನಿಲ್ಲುತ್ತದೆ. ಅಜ್ಜಿಯ ಹಾಲಿನ ಕಂಬ 4.5ರಲ್ಲಿ ನಿಂತಿತು.

‘ಇವತ್ತು ಯಂತ್ರದಲ್ಲೂ 4.5 ಬಂದಿದೆ. ತಕರಾರು ಇರೋದು ಆ ಮೂರು ದಿನದ್ದು’ ಎಂದರು ಅಪ್ಪ. ಮಾತು ನ್ಯಾಯವಾದದ್ದೇ. ಕುಡಿದು ಖಾಲಿಯಾದ ಹಾಲನ್ನು ಮತ್ತೆ ಪರೀಕ್ಷಿಸುವುದು ಹೇಗೆ?

ಹಾಲು ಹೋಗಿದ್ದರೂ ಲೆಕ್ಕ ಉಳಿದಿತ್ತು. ಹುಡುಗಿ ಆ ಮೂರು ದಿನಗಳ ಪಟ್ಟಿ ತೆಗೆದು ಅಜ್ಜಿಯ ಸಾಲನ್ನು ಬಿಟ್ಟು ಅದರ ಮೇಲಿನ ಸಾಲನ್ನು ನೋಡಿದಳು. ಅಲ್ಲಿದ್ದದ್ದು ಪಕ್ಕದ ತೋಟದವರ ಲೆಕ್ಕ. ಇಬ್ಬರೂ ಒಂದೇ ದಾರಿಯಲ್ಲಿ ಬರುವವರಾದ್ದರಿಂದ ಸಾಲಿನಲ್ಲಿ ಯಾವಾಗಲೂ ಹಿಂದುಮುಂದೆ. ಮೊದಲ ದಿನ ತೋಟದವರದು 3.2 ಮತ್ತು 8.0, ಅಜ್ಜಿಯದೂ 3.2 ಮತ್ತು 8.0. ಎರಡನೆಯ ಸಲ ಅವರದು 3.3 ಮತ್ತು 7.9, ಅಜ್ಜಿಯದೂ ಅದೇ. ಮೂರನೆಯ ಸಲವೂ ಇಬ್ಬರದೂ 3.2 ಮತ್ತು 7.9. ಸೀಮೆ ಹಸುವಿಗೂ ನಾಟಿ ಹಸುವಿಗೂ ದಶಾಂಶದವರೆಗೆ ಹೊಂದಿಕೆ! ಜಾತಕದಲ್ಲೂ ಇಷ್ಟು ಕೂಡಿಬರುವುದಿಲ್ಲ. ಪಟ್ಟಿ ಹದಿನೈದು ದಿನದಿಂದ ಎಲ್ಲರ ಕಣ್ಣೆದುರೇ ಇತ್ತು. ಅಜ್ಜಿಯ ಸಾಲನ್ನಷ್ಟೇ ನೋಡಿದವರಿಗೆ ಅದು ಕಾಣಿಸಿರಲಿಲ್ಲ.

‘ಈ ಮೂರು ದಿನ ಕರೆಂಟು ಹೋಗಿತ್ತಾ?’ ಎಂದು ಕೇಳಿದಳು. ಅಳೆಯುವ ಹುಡುಗ ಯೋಚಿಸಿ, ‘ಹೌದಕ್ಕ. ಬೆಳಿಗ್ಗೆ ಆರೂವರೆಗೆ ಹೋಗೋದು. ಬ್ಯಾಟ್ರಿ ವೀಕು ಅಂತ ಲ್ಯಾಪ್‌ಟಾಪ್ ಮುಚ್ಚಿಟ್ಟಿರ್ತಿದ್ದೆ. ಜನರೇಟರ್ ಹಾಕಿದ್ಮೇಲೆ ತೆಗೀತಿದ್ದೆ’ ಎಂದ. ‘ತೆಗೆದ ಮೇಲೆ?’ ‘ಒಂದೇ ನಂಬರು ಎರಡು ಮೂರು ಸಲ ಬಂದ್ರೆ ಆಫ್ ಮಾಡಿ ಆನ್ ಮಾಡ್ತಿದ್ದೆ. ಸರಿಹೋಗೋದು.’

ಸರಿಹೋಗುತ್ತಿತ್ತು ನಿಜ. ಆದರೆ ಅಷ್ಟರಲ್ಲಿ ಸಾಲಿನಲ್ಲಿ ಮೊದಲು ನಿಂತವರ ಲೆಕ್ಕ ಬರೆದಾಗಿರುತ್ತಿತ್ತು. ಆ ಹೊತ್ತಿಗೆ ಅಲ್ಲಿ ನಿಂತಿರುತ್ತಿದ್ದವರು ಅಜ್ಜಿ.

ಅಂದು ರಾತ್ರಿ ಹುಡುಗಿ ಅಪ್ಪನನ್ನು ಕೂರಿಸಿಕೊಂಡು ಯುಎಸ್‌ಬಿಯ ನಿದ್ರಾಪುರಾಣ ಹೇಳಿದಳು. ಅದು ನಮಗೂ ತಿಳಿದಿರಬೇಕಾದದ್ದೇ.

ಯುಎಸ್‌ಬಿ ಎಂಬ ಈ ಸಂಪರ್ಕ ವ್ಯವಸ್ಥೆಯ ಮೊದಲ ನಿಯಮಾವಳಿ ಹೊರಬಂದದ್ದು 1996ರ ಜನವರಿಯಲ್ಲಿ. ಅದನ್ನು ರೂಪಿಸಿದವರಲ್ಲಿ ಪ್ರಮುಖರು ಬರೋಡದಲ್ಲಿ ಓದಿ ಇಂಟೆಲ್ ಕಂಪೆನಿ ಸೇರಿದ ಅಜಯ್ ಭಟ್. ಅಲ್ಲಿಯವರೆಗೆ ಮೌಸಿಗೊಂದು, ಪ್ರಿಂಟರಿಗೊಂದು, ಮೋಡೆಮ್‌ಗೊಂದು ಎಂದು ಬಗೆಬಗೆಯ ತೂತುಗಳಿದ್ದವು. ಎಲ್ಲಕ್ಕೂ ಒಂದೇ ತೂತು ಸಾಕು ಎಂದದ್ದು ಯುಎಸ್‌ಬಿ. ಅದರಲ್ಲಿ ವಿದ್ಯುತ್ತೂ ಹರಿಯುತ್ತದೆ, ಮಾತೂ ಹರಿಯುತ್ತದೆ.

ಎಚ್ಚರವಾಗಿರುವಾಗ ಕಂಪ್ಯೂಟರು ಈ ತಂತಿಯ ಮೇಲೆ ಪ್ರತಿ ಮಿಲಿಸೆಕೆಂಡಿಗೆ ಒಮ್ಮೆ ಗಂಟೆ ಬಾರಿಸಿದಂತೆ ಒಂದು ಸಂಕೇತ ಕಳಿಸುತ್ತಲೇ ಇರುತ್ತದೆ. ಆ ಗಂಟೆ 3 ಮಿಲಿಸೆಕೆಂಡು ಕೇಳಿಸದಿದ್ದರೆ ಸಾಧನ ನಿದ್ದೆಗೆ ಜಾರಬೇಕು. ಎಚ್ಚರದಲ್ಲಿ 500 ಮಿಲಿಆಂಪಿಯರ್‌ವರೆಗೆ ವಿದ್ಯುತ್ ಕುಡಿಯಬಹುದಾದ ಸಾಧನ ನಿದ್ದೆಯಲ್ಲಿ ಎಷ್ಟು ಕುಡಿಯಬಹುದು? ಮೊದಲ ನಿಯಮದಂತೆ ಸಾಮಾನ್ಯವಾಗಿ ಅರ್ಧ ಮಿಲಿಆಂಪಿಯರ್ ಮಾತ್ರ. ಇದು ತೀರಾ ಬಿಗಿಯಾಯಿತೆಂದು ಆಮೇಲೆ 2.5ಕ್ಕೆ ಸಡಿಲಿಸಿದರು. ಎಬ್ಬಿಸುವುದಕ್ಕೂ ಶಿಷ್ಟಾಚಾರವಿದೆ. ಕಂಪ್ಯೂಟರು ಕಡಿಮೆಯೆಂದರೂ 20 ಮಿಲಿಸೆಕೆಂಡು ‘ಏಳು, ಏಳು’ ಎಂಬ ಸಂಕೇತ ಕೊಡಬೇಕು. ಎದ್ದ ಮೇಲೆ ಮುಖ ತೊಳೆಯಲು 10 ಮಿಲಿಸೆಕೆಂಡು ಬಿಟ್ಟು ಆಮೇಲೆ ಮಾತಾಡಿಸಬೇಕು. ಮನೆಯ ಮಕ್ಕಳಿಗೆ ಪರೀಕ್ಷೆಯ ದಿನ ಇಷ್ಟು ಮರ್ಯಾದೆ ಸಿಗುವುದಿಲ್ಲ.

ಇದು ಹಗುರ ನಿದ್ದೆ. ಎದ್ದಾಗ ಸಾಧನಕ್ಕೆ ಎಲ್ಲ ನೆನಪಿರುತ್ತದೆ. ಆದರೆ ಎಷ್ಟೋ ಕಂಪ್ಯೂಟರುಗಳು ತಾವು ಮಲಗಿದಾಗ ಯುಎಸ್‌ಬಿಯ ವಿದ್ಯುತ್ತನ್ನೇ ಕತ್ತರಿಸಿಬಿಡುತ್ತವೆ. ಆಗ ಆಗುವುದು ನಿದ್ದೆಯಲ್ಲ, ಮರುಜನ್ಮ. ಸಾಧನ ತನ್ನ ವಿಳಾಸವನ್ನು ಮರೆತಿರುತ್ತದೆ. ಹೊಸದಾಗಿ ಸಿಕ್ಕಿಸಿದಾಗಿನಂತೆ ಸೊನ್ನೆ ವಿಳಾಸದಿಂದ ಶುರುಮಾಡಿ, 1ರಿಂದ 127ರವರೆಗಿನ ಒಂದು ಸಂಖ್ಯೆಯನ್ನು ಕಂಪ್ಯೂಟರಿನಿಂದ ಪಡೆಯಬೇಕು. ಯಾವ ವೇಗದಲ್ಲಿ ಮಾತಾಡೋಣ ಎಂದು ಹಿಂದೆ ಮಾಡಿಕೊಂಡ ಒಪ್ಪಂದವೂ ಅದಕ್ಕೆ ನೆನಪಿರುವುದಿಲ್ಲ. ಕಂಪ್ಯೂಟರಿಗೆ ಮಾತ್ರ ಎಲ್ಲ ನೆನಪಿದೆ! ಒಬ್ಬರಿಗೆ ನೆನಪು, ಒಬ್ಬರಿಗೆ ಮರೆವು. ದುಷ್ಯಂತ ಶಕುಂತಲೆಯರ ಕಾಲದಿಂದಲೂ ತೊಂದರೆ ಹುಟ್ಟುವುದು ಇಲ್ಲೇ.

ಆದ್ದರಿಂದ ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಯುಎಸ್‌ಬಿ ಡ್ರೈವರ್ ಬರೆಯುವವರು ಮೂರು ಪಾಠಗಳನ್ನು ಬೇರೆಬೇರೆಯಾಗಿ ಬರೆಯಬೇಕು. ಒಂದು, ಮಲಗುವಾಗ ಏನು ಮಾಡಬೇಕು: ಕೈಯಲ್ಲಿರುವ ಕೆಲಸಗಳನ್ನು ನಿಲ್ಲಿಸಬೇಕು, ಕೇಳಿಟ್ಟ ಮಾಹಿತಿಯ ಬೇಡಿಕೆಗಳನ್ನು ಹಿಂದಕ್ಕೆ ಪಡೆಯಬೇಕು. ಎರಡು, ನೆನಪಿಟ್ಟುಕೊಂಡು ಎದ್ದಾಗ ಏನು ಮಾಡಬೇಕು: ನಿಲ್ಲಿಸಿದಲ್ಲಿಂದ ಮುಂದುವರಿಸಬೇಕು. ಮೂರು, ಮರೆತು ಎದ್ದಾಗ ಏನು ಮಾಡಬೇಕು: ಎಲ್ಲ ಒಪ್ಪಂದಗಳನ್ನು ಮೊದಲಿನಿಂದ ಹೇಳಿಕೊಡಬೇಕು. ಮೂರನೆಯ ಪಾಠವನ್ನು ಬರೆಯಲು ಬೇಸರಿಸುವವರು ಬಹಳ. ಬರೆಯದಿದ್ದರೆ ವ್ಯವಸ್ಥೆ ಆ ಡ್ರೈವರನ್ನು ಸಾಧನದಿಂದ ಬಿಡಿಸಿ ಮತ್ತೆ ಹೊಸದಾಗಿ ಜೋಡಿಸುತ್ತದೆ.

ಡೈರಿಯಲ್ಲಿ ನಡೆದದ್ದು ಇದೇ. ಹಾಲು ಪರೀಕ್ಷಿಸುವ ಯಂತ್ರಕ್ಕೆ ಇದ್ದದ್ದು ಹಳೆಯ ಕಾಲದ ಒಂಬತ್ತು ಕಡ್ಡಿಯ ಸಂಪರ್ಕ. ಲ್ಯಾಪ್‌ಟಾಪಿನಲ್ಲಿ ಆ ತೂತು ಇಲ್ಲದ್ದರಿಂದ ನಡುವೆ ಬೆರಳುದ್ದದ ಒಂದು ಯುಎಸ್‌ಬಿ ಪರಿವರ್ತಕವಿತ್ತು. ಮಲಗುವ ಮೊದಲು ಅದಕ್ಕೆ ಕಂಪ್ಯೂಟರು ಕೊಟ್ಟಿದ್ದ ಬಾಗಿಲು ‘ಟಿಟಿವೈ ಯುಎಸ್‌ಬಿ 0’. ಮುಚ್ಚಳ ಮುಚ್ಚಿದಾಗ ವಿದ್ಯುತ್ ಹೋಯಿತು, ತೆರೆದಾಗ ಮರುಜನ್ಮವಾಯಿತು. ಹಾಲಿನ ಲೆಕ್ಕದ ತಂತ್ರಾಂಶ ಹಳೆಯ ಬಾಗಿಲನ್ನು ಬಿಡದೆ ಹಿಡಿದುಕೊಂಡೇ ಇದ್ದದ್ದರಿಂದ ಸೊನ್ನೆ ಖಾಲಿಯಿರಲಿಲ್ಲ. ಪರಿವರ್ತಕಕ್ಕೆ ಹೊಸ ಬಾಗಿಲು ಸಿಕ್ಕಿತು, ‘ಟಿಟಿವೈ ಯುಎಸ್‌ಬಿ 1’. ಅಜ್ಜಿಯ ಹಾಲಿನ 4.5 ಒಂದನೆಯ ಬಾಗಿಲಲ್ಲಿ ಬಂದು ನಿಂತಿತ್ತು. ತಂತ್ರಾಂಶ ಸೊನ್ನೆಯ ಬಾಗಿಲನ್ನೇ ನೋಡುತ್ತಿತ್ತು. ಅಲ್ಲಿ ಓದಿದರೆ ಒಂದಕ್ಷರವೂ ಇಲ್ಲ. ‘ಏನೂ ಬಂದಿಲ್ಲ’ ಎಂದು ಹೇಳುವ ಬದಲು ಅದು ತನ್ನ ಬಳಿಯಿದ್ದ ಕೊನೆಯ ಅಂಕಿಯನ್ನೇ, ಅಂದರೆ ತೋಟದವರ 3.2ನ್ನು, ಪರದೆಯ ಮೇಲೆ ಉಳಿಸಿಕೊಂಡಿತು. ಹುಡುಗ ಗುಂಡಿ ಒತ್ತಿದ. ಕಂಪ್ಯೂಟರು ತಾನಾಗಿಯೇ ಬರೆದಿಡುವ ದಿನಚರಿಯಲ್ಲಿ ಈ ಬಾಗಿಲು ಬದಲಾದ ಹೊತ್ತು ಸಹ ದಾಖಲಾಗಿತ್ತು.

‘ಹಾಗಾದ್ರೆ ತಪ್ಪು ಯಾರದು? ನಿಮ್ಮ ಡ್ರೈವರ್‌ನೋರದಾ?’ ಎಂದು ಅಪ್ಪ ಕೇಳಿದರು. ಹುಡುಗಿ ನಕ್ಕಳು. ಡ್ರೈವರಿನದು ಅರ್ಧ ತಪ್ಪು. ಮೂರನೆಯ ಪಾಠ ಇದ್ದಿದ್ದರೆ ಬಾಗಿಲೇ ಬದಲಾಗದಿರಬಹುದಿತ್ತು. ಆದರೂ ಅದು ಸುಳ್ಳು ಹೇಳಿರಲಿಲ್ಲ. ‘ನನ್ನ ಸಾಧನ ಹೋಯಿತು’ ಎಂದು ಬಾಗಿಲು ಮುಚ್ಚಿತ್ತು. ಆ ಮಾತನ್ನು ಕೇಳಿಸಿಕೊಳ್ಳದೆ ಹಳೆಯ ಅಂಕಿಯನ್ನು ಹೊಸದೆಂದು ತೋರಿಸಿದ್ದು ಮೇಲಿನ ತಂತ್ರಾಂಶ.

ದೋಷ ಬಂದಾಗ ಅದನ್ನು ಹೇಳುವುದಕ್ಕೆ ಲಿನಕ್ಸಿನಲ್ಲಿ ಅಂಕಿಗಳ ಒಂದು ಪಟ್ಟಿಯೇ ಇದೆ. ಎಲ್ಲವೂ ಋಣಸಂಖ್ಯೆಗಳು. –110 ಎಂದರೆ ಕಾದೆ, ಉತ್ತರ ಬರಲಿಲ್ಲ. –71 ಎಂದರೆ ಉತ್ತರ ಬಂದರೂ ತೊದಲುತ್ತಿದೆ. –32 ಎಂದರೆ ಸಾಧನವೇ ಹಟ ಹಿಡಿದು ನಿಂತಿದೆ. –19 ಎಂದರೆ ಸಾಧನವೇ ಇಲ್ಲ. ಒಳ್ಳೆಯ ಡ್ರೈವರ್ ಒಂದೊಂದಕ್ಕೂ ಬೇರೆ ಮದ್ದು ಕೊಡುತ್ತದೆ. ತೊದಲಿದರೆ ಎರಡು ಮೂರು ಸಲ ಪುನಃ ಕೇಳುತ್ತದೆ, ಆಗಲೂ ಆಗದಿದ್ದರೆ ಸಾಧನವನ್ನು ಮೊದಲ ಸ್ಥಿತಿಗೆ ತರುತ್ತದೆ. ಹಟ ಹಿಡಿದರೆ ಆ ತಡೆಯನ್ನು ಬಿಡಿಸುತ್ತದೆ. ಇಲ್ಲವೇ ಇಲ್ಲ ಎಂದಾದರೆ ಕೈಬಿಟ್ಟು, ಮೇಲಿನವರಿಗೆ ಹಾಗೆಂದೇ ತಿಳಿಸುತ್ತದೆ. ಕೆಟ್ಟ ಡ್ರೈವರುಗಳಲ್ಲಿ ಎರಡು ಜಾತಿ. ಒಂದು, ಸತ್ತವರ ಮನೆ ಬಾಗಿಲನ್ನು ಕೊನೆಯಿಲ್ಲದೆ ತಟ್ಟುತ್ತಲೇ ಇರುವುದು. ಇನ್ನೊಂದು, ದೋಷವನ್ನು ನುಂಗಿ ಎಲ್ಲ ಚೆನ್ನಾಗಿದೆ ಎನ್ನುವುದು. ಎರಡನೆಯದರಿಂದಲೇ ಹೆಚ್ಚು ಅಪಾಯ.

ಪೆನ್‌ಡ್ರೈವು ಬಳಸುವ ಓದುಗರಿಗೂ ಇಲ್ಲೊಂದು ಎಚ್ಚರಿಕೆಯ ಮಾತಿದೆ. ಮಲಗಿದಾಗ ವಿದ್ಯುತ್ ಹೋದರೂ ಪೆನ್‌ಡ್ರೈವಿನ ಕೆಲಸ ಕೆಡದಿರಲಿ ಎಂದು ಲಿನಕ್ಸ್ ಎದ್ದ ಕೂಡಲೇ, ‘ಅಲ್ಲಿರುವುದು ಮೊದಲಿದ್ದದ್ದೇ?’ ಎಂದು ಅದರ ತಯಾರಕರ ಸಂಖ್ಯೆ, ಮಾದರಿ ಸಂಖ್ಯೆ, ಕ್ರಮಸಂಖ್ಯೆಗಳನ್ನು ತಾಳೆ ನೋಡುತ್ತದೆ. ಎಲ್ಲ ಒಂದೇ ಆದರೆ ಹಳೆಯದೇ ಎಂದು ನಂಬುತ್ತದೆ. ಆದರೆ ಅಗ್ಗದ ಸಾಧನಗಳಲ್ಲಿ ಕ್ರಮಸಂಖ್ಯೆಯೇ ಇಲ್ಲದಿರುವುದುಂಟು. ಕಂಪ್ಯೂಟರು ಮಲಗಿರುವಾಗ ಒಂದನ್ನು ಕಿತ್ತು ಅಂಥದೇ ಇನ್ನೊಂದನ್ನು ಸಿಕ್ಕಿಸಿದರೆ ಅದಕ್ಕೆ ಗುರುತು ಸಿಗದೆ, ಹಳೆಯದರ ಲೆಕ್ಕವನ್ನು ಹೊಸದರ ಮೇಲೆ ಬರೆದು ಎರಡನ್ನೂ ಹಾಳುಮಾಡೀತು. ಮಲಗಿರುವ ಕಂಪ್ಯೂಟರಿನಿಂದ ಏನನ್ನೂ ಕೀಳಬಾರದು ಎನ್ನುವುದು ಇದಕ್ಕೇ.

ಭಾಗವತದ ಮುಚುಕುಂದನ ಕಥೆಯನ್ನು ಹರಿಕಥೆಯಲ್ಲಿ ಕೇಳಿದವರಿದ್ದಾರೆ. ದೇವತೆಗಳಿಗಾಗಿ ಹೋರಾಡಿ ದಣಿದ ಆ ರಾಜ ಗುಹೆಯಲ್ಲಿ ಯುಗಗಳಷ್ಟು ಕಾಲ ಮಲಗಿದ. ಕಾಲಯವನ ಒದ್ದು ಎಬ್ಬಿಸಿ ಭಸ್ಮವಾದ. ಆಮೇಲೆ ಮುಚುಕುಂದ ಮಾಡಿದ್ದೇನು? ಎದುರು ನಿಂತ ಕೃಷ್ಣನನ್ನು ಮೊದಲು, ‘ನೀನು ಯಾರು?’ ಎಂದು ಕೇಳಿದ. ಹೊರಗೆ ಬಂದು ಮನುಷ್ಯರೂ ಪ್ರಾಣಿಗಳೂ ಗಿಡಮರಗಳೂ ಕುಳ್ಳಾಗಿರುವುದನ್ನು ಕಂಡು ಕಾಲ ಬದಲಾಗಿದೆ ಎಂದು ತಿಳಿದ. ಹಳೆಯ ರಾಜ್ಯವನ್ನು ಹುಡುಕಿಕೊಂಡು ಹೋಗಲಿಲ್ಲ. ಡ್ರೈವರ್ ಬರೆಯುವವರು ಪೂಜಿಸಬೇಕಾದ ದೇವರು ಯಾರಾದರೂ ಇದ್ದರೆ ಅವನೇ.

ಮರುದಿನ ಹುಡುಗಿ ಆ ತಂತ್ರಾಂಶ ಕೊಟ್ಟವರಿಗೆ ಫೋನು ಮಾಡಿ ಎರಡೇ ತಿದ್ದುಪಡಿ ಹೇಳಿದಳು. ಪರಿವರ್ತಕವನ್ನು ಬಾಗಿಲಿನ ನಂಬರಿನಿಂದ ಹುಡುಕದೆ ಅದರ ಸ್ವಂತ ಗುರುತಿನಿಂದ ಹುಡುಕಬೇಕು. ಪ್ರತಿಯೊಬ್ಬರ ಹಾಲಿಗೆ ಮುಂಚೆ ಹಳೆಯ ಅಂಕಿಯನ್ನು ಅಳಿಸಬೇಕು. ಹೊಸದು ಬರದಿದ್ದರೆ ಪರದೆ ಖಾಲಿಯಿರಬೇಕು. ಕೆಲವು ವಾರಗಳಲ್ಲಿ ಅದು ಸರಿಯಾಯಿತು.

ಆದರೆ ಅಪ್ಪ ಮಾಡಬೇಕಾದ ತಿದ್ದುಪಡಿಗೆ ಅಷ್ಟು ದಿನ ಕಾಯುವಂತಿರಲಿಲ್ಲ. ಅವರು ಅಂದು ಸಂಜೆಯೇ ಅಜ್ಜಿಯ ಮನೆಗೆ ಹೋದರು. ಜಗಲಿಯ ಮೇಲೆ ಕುಳಿತು ಬಹಳ ಹೊತ್ತು ಹಸುವಿನ ವಿಚಾರ, ಮೇವಿನ ವಿಚಾರ ಮಾತಾಡಿದರು. ಕೊನೆಗೆ, ‘ಯಂತ್ರ ನಿದ್ದೆಗಣ್ಣಲ್ಲಿ ಹೇಳ್ತು ದೊಡ್ಡವ್ವ, ನಾನು ಎಚ್ಚರವಾಗೇ ಇದ್ದು ನಂಬ್ಬಿಟ್ಟೆ’ ಎಂದರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಯ್ತು ಬಿಡು ಮಗ. ಊರಿಗೆಲ್ಲ ಗೊತ್ತಾಗೈತೆ. ನೀನೂ ನಾಳೆ ಸಾಲಲ್ಲಿ ನಿಂತು ಹೇಳು’ ಎಂದರು. ಮಾರನೆಯ ಬೆಳಿಗ್ಗೆ ಕಾರ್ಯದರ್ಶಿಗಳು ಕ್ಯಾನು ಹಿಡಿದು ನಿಂತವರೆಲ್ಲರ ಮುಂದೆ ಹಾಗೆಯೇ ಹೇಳಿ, ಕೆಂಪು ಗುರುತನ್ನು ಹೊಡೆದುಹಾಕಿ, ಮೂರೂ ದಿನಕ್ಕೆ ಅಜ್ಜಿಯ ಎಂದಿನ 4.5ರಂತೆ ಬಾಕಿ ಹಣ ಕೊಡಿಸಿದರು.

ಈಗಲೂ ಆ ಡೈರಿಯಲ್ಲಿ ಒಮ್ಮೊಮ್ಮೆ ಬೆಳಿಗ್ಗೆ ಕರೆಂಟು ಹೋಗುತ್ತದೆ. ಮುಚ್ಚಳ ತೆರೆದ ಮೇಲೆ ಅಂಕಿಯ ಜಾಗದಲ್ಲಿ ಅರ್ಧ ನಿಮಿಷ ಬರಿಯ ಗೆರೆಗಳು ಮಿನುಗುತ್ತವೆ. ಹಿಂದೆ ನಿಂತವರು, ‘ಬೇಗ ಬೇಗ’ ಎಂದು ಗೊಣಗುತ್ತಾರೆ. ಆಗ ಸಾಲಿನ ಮುಂದಿನಿಂದ ಅಜ್ಜಿಯ ದನಿ ಕೇಳಿಸುತ್ತದೆ: ‘ಯಂತ್ರ ಎದ್ದೇಳಲಿ, ತಡೀರಿ. ಮುಖ ತೊಳ್ಕೊಂಡ್ ಮೇಲೆ ಹೇಳ್ತದೆ.’